ಗದ್ದೆಯ ಬದು ಮತ್ತು ಕಾಲೇಜಿನ ಪುಸ್ತಕ
(ಮದ್ದೂರು ತಾಲ್ಲೂಕಿನ ರೈತರ ಸಭೆಯೊಂದರಲ್ಲಿ ಕಬ್ಬು ಬೆಳೆಗಾರರೊಬ್ಬರು ಮಾಡಿದ ಭಾಷಣ)



ಗೊಬ್ಬರ, ಬಿತ್ತನೆ, ನಾಲೆಯ ನೀರು ಇವುಗಳ ವಿಚಾರ ಬೆಳಗಿನಿಂದ ಕೇಳಿದ್ದೀರಿ. ನನಗೆ ಓದಿನ ವಿಚಾರ ಹೇಳೆಂದು ಅಪ್ಪಣೆಯಾಗಿದೆ. ನಾನು ಪಂಡಿತನಲ್ಲ. ಎರಡೂವರೆ ಎಕರೆಯಲ್ಲಿ ಕಬ್ಬು, ಭತ್ತ ಬೆಳೆಯುವವನು. ಪಿ.ಯು.ಸಿ. ಮುಗಿದ ವರ್ಷ ತಂದೆ ತೀರಿಕೊಂಡರು. ಓದು ಅಲ್ಲಿಗೇ ನಿಂತಿತು. ಮಗಳು ಕಾಲೇಜು ಸೇರಿದ ವರ್ಷ, ನನ್ನ ನಲವತ್ತಾರನೆಯ ವಯಸ್ಸಿನಲ್ಲಿ, ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಬಿ.ಎ.ಗೆ ಸೇರಿದೆ. ಅರ್ಜಿ ತುಂಬಿದವಳು ಮಗಳೇ. "ಏನಣ್ಣ, ಈ ವಯಸ್ಸಲ್ಲಿ ಯಾವ ಕಚೇರಿ ಸೇರ್ತೀಯ?" ಎಂದು ಅರಳಿಕಟ್ಟೆಯಲ್ಲಿ ನಕ್ಕವರೂ ಉಂಟು.

ನಮ್ಮಂಥವರಿಗಾಗಿಯೇ ಇರುವ ಏರ್ಪಾಡು ಇದು. 1969ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಅಂಚೆಯ ಮೂಲಕ ಪಾಠ ಹೇಳಲು ತೊಡಗಿತು. ಅದೇ ಬೆಳೆದು 1996ರಲ್ಲಿ ಮುಕ್ತ ವಿಶ್ವವಿದ್ಯಾನಿಲಯವಾಯಿತು. ದುಡಿಮೆ ಬಿಡದೆ ಓದಬಹುದು. ನಾನು ಊಟವಾದ ಮೇಲೆ ಒಂದು ಗಂಟೆ ಓದುತ್ತಿದ್ದೆ. ಪಾಠದ ಜೊತೆಗೆ ಮಗಳು ಗ್ರಂಥಾಲಯದಿಂದ ಬೇರೆ ಬೇರೆ ದೇಶಗಳ ಪುಸ್ತಕಗಳನ್ನು ಕನ್ನಡದಲ್ಲಿ ತಂದುಕೊಡುತ್ತಿದ್ದಳು.

ಆಗ ನನಗೂ ನನ್ನ ತಮ್ಮನಿಗೂ ಒಂದು ಬದುವಿನ ವ್ಯಾಜ್ಯವಿತ್ತು. ಎರಡು ಗುಂಟೆ ಜಾಗ. ಆರು ವರ್ಷದಿಂದ ಮಾತಿರಲಿಲ್ಲ. ಇದನ್ನು ಮುಚ್ಚಿಟ್ಟು ಓದಿನ ಮಾತನ್ನಾಡಲು ನನ್ನಿಂದಾಗದು.

ಮೊದಲು ಓದಿದ್ದು ರಷ್ಯಾ ದೇಶದ ಟಾಲ್‌ಸ್ಟಾಯ್ 1886ರಲ್ಲಿ ಬರೆದ ಒಂದು ಕಥೆ. ಹೊತ್ತು ಮುಳುಗುವುದರೊಳಗೆ ನಡೆದು ಸುತ್ತಿ ಬಂದಷ್ಟು ಭೂಮಿ ನಿನ್ನದು ಎಂದು ಒಬ್ಬ ರೈತನಿಗೆ ಹೇಳುತ್ತಾರೆ. ಅವನು ಆಸೆಯಿಂದ ದೂರ ದೂರ ಹೋಗಿ, ಓಡುತ್ತ ಹಿಂತಿರುಗಿ, ಮುಟ್ಟಿದೊಡನೆ ಬಿದ್ದು ಸಾಯುತ್ತಾನೆ. ಅವನಿಗೆ ದಕ್ಕಿದ್ದು ಆರಡಿ ಗುಳಿ. ಈ ಟಾಲ್‌ಸ್ಟಾಯ್‌ ಅವರ ದೊಡ್ಡ ಕಾದಂಬರಿಗಳನ್ನು ಕನ್ನಡಕ್ಕೆ ತಂದವರಲ್ಲಿ ದೇ. ಜವರೇಗೌಡರು ಒಬ್ಬರು. ಅವರ ಊರು ಮದ್ದೂರಿನ ಪಕ್ಕದ ಚನ್ನಪಟ್ಟಣ ತಾಲ್ಲೂಕಿನ ಚಕ್ಕೆರೆ.

ಬಳಿಕ ಓದಿದ್ದು ಬಿ.ಎಂ.ಶ್ರೀಯವರು 1935ರಲ್ಲಿ ಕನ್ನಡಕ್ಕೆ ತಂದ 'ಪಾರಸಿಕರು' ನಾಟಕ. ಅವರ ಹೆಸರಿನ ಮೊದಲಕ್ಷರವೇ ನಮ್ಮ ನಾಗಮಂಗಲದ ಬೆಳ್ಳೂರು. ಮೂಲ ಬರೆದವನು ಎರಡು ಸಾವಿರದ ನಾನೂರು ವರ್ಷಕ್ಕೂ ಹಿಂದಿನ ಗ್ರೀಕ್ ಕವಿ ಈಸ್ಕಿಲಸ್. ಪಾರಸಿಕರ ಮೇಲೆ ತಾನೇ ಯುದ್ಧ ಮಾಡಿದ್ದವನು. ಆದರೂ ತನ್ನವರ ಜಯವನ್ನು ಕೊಂಡಾಡುತ್ತ ಕೂರದೆ, ಸೋತ ಶತ್ರುವಿನ ಅರಮನೆಯಲ್ಲಿ ತಾಯಿ ಪಡುವ ಸಂಕಟವನ್ನು ಬರೆದ. ಎದುರಾಳಿಯ ಮನೆಯಲ್ಲೂ ಒಲೆ ಉರಿಯದ ದಿನವಿರುತ್ತದೆಂದು ನಾನು ಅದುವರೆಗೆ ಯೋಚಿಸಿದವನಲ್ಲ.

ಮೂರನೆಯದು ಹಿಂದಿಯ ಪ್ರೇಮಚಂದರು 1936ರಲ್ಲಿ ಪ್ರಕಟಿಸಿದ 'ಗೋದಾನ'. ಅದರಲ್ಲಿ ರೈತನ ಹೆಸರು ಹೋರಿ. ನಮ್ಮ ಮಾತಿನಲ್ಲಿ ಹೋರಿಯೆಂದರೆ ಬೇರೆ ಅರ್ಥವಾದ್ದರಿಂದ ಮೊದಲು ನಗು ಬಂತು. ಓದುತ್ತ ಹೋದಂತೆ ನಗು ನಿಂತಿತು. ಒಂದು ಹಸು ಕಟ್ಟಬೇಕೆಂಬುದು ಅವನ ಆಸೆ. ಸಾಲದ ಮೇಲೆ ತಂದ ಹಸುವಿಗೆ ಒಡಹುಟ್ಟಿದ ತಮ್ಮನೇ ವಿಷವಿಡುತ್ತಾನೆ. ಪೊಲೀಸರು ತಮ್ಮನ ಮನೆ ಶೋಧಿಸಲು ಬಂದಾಗ, ಮನೆತನದ ಮಾನ ಹೋದೀತೆಂದು ಹೋರಿ ಸಾಲ ಮಾಡಿಯಾದರೂ ಅದನ್ನು ತಡೆಯಲು ಹೊರಡುತ್ತಾನೆ. ತಮ್ಮ ಊರು ಬಿಟ್ಟು ಓಡಿದ ಮೇಲೆ ಅವನ ಸಂಸಾರದ ಬೇಸಾಯವನ್ನೂ ತಾನೇ ನೋಡಿಕೊಳ್ಳುತ್ತಾನೆ. ನನ್ನ ತಮ್ಮ ವಿಷವಿಟ್ಟವನಲ್ಲ, ಬದು ಒತ್ತಿದವನು ಅಷ್ಟೆ.

ಮೂರು ದಿನ ಬಿಟ್ಟು ತಮ್ಮನ ಮನೆಗೆ ಹೋದೆ. ನಾದಿನಿ ಚೊಂಬಿನಲ್ಲಿ ನೀರು ತಂದಿಟ್ಟಳು. ತಮ್ಮ ಬಹಳ ಹೊತ್ತು ಮಾತಾಡಲಿಲ್ಲ. ಎದ್ದು ಹೊರಡುವಾಗ, "ನೀರಿನ ಸರದಿ ಈ ಸಲ ನಿಂದೇ ಮೊದಲಾಗ್ಲಿ ಅಣ್ಣ" ಎಂದ. ವ್ಯಾಜ್ಯ ಇನ್ನೂ ಪೂರ್ತಿ ತೀರಿಲ್ಲ, ಸುಳ್ಳು ಹೇಳಲಾರೆ. ಆದರೆ ಈಗ ಇಬ್ಬರೂ ಒಂದೇ ತೂಬಿನ ಬಳಿ ನಿಂತು ಮಾತಾಡುತ್ತೇವೆ.

ಪರದೇಶದ ಕಥೆ ನಮಗೇಕೆ ಎಂದು ಕೇಳಬಹುದು. ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದ ಮಂಟೇಸ್ವಾಮಿಯ ಕಥೆಯನ್ನು ನೀಲಗಾರರು ಹಾಡುತ್ತಾರೆ. ಕಂಸಾಳೆಯವರು ಹಾಡುವ ಮಲೆ ಮಾದೇಶ್ವರನ ಕಾವ್ಯ ಇಂಗ್ಲಿಷಿಗೂ ಹೋಗಿದೆ. ನಮ್ಮ ಹಾಡನ್ನು ದೂರದವರು ಓದುವಾಗ, ಅವರ ಕಥೆಯನ್ನು ನಾವು ಓದುವುದು ಕೊಡುಕೊಳ್ಳುವ ನ್ಯಾಯವಲ್ಲವೇ?

ಆದ್ದರಿಂದ ನನ್ನ ಬಿನ್ನಹ ಇಷ್ಟೆ. ಓದು ನಿಲ್ಲಿಸಿದ ತಂದೆತಾಯಿಗಳು ನಾಚಿಕೆ ಬಿಟ್ಟು ಮತ್ತೆ ಸೇರಿರಿ. ಸೇರಲಾಗದವರು ಪಂಚಾಯತಿಯ ಗ್ರಂಥಾಲಯಕ್ಕೆ ಹೋಗಿ, ಇಂಥ ಪುಸ್ತಕ ಬೇಕೆಂದು ಕೇಳಿರಿ. ಓದು ಬಾರದವರು ಮಕ್ಕಳಿಂದ ಓದಿಸಿ ಕೇಳಿರಿ. ಪದವಿಯಿಂದ ನನಗೆ ಕಚೇರಿಯ ಕೆಲಸ ಸಿಗಲಿಲ್ಲ. ತಮ್ಮನ ಮನೆಯ ದಾರಿ ಸಿಕ್ಕಿತು.