ಹನ್ನೊಂದು ನಿಮಿಷದ ಚಿತ್ರ

ಕಣ್ಣಿಗೆ ಸಂಬಂಧಪಟ್ಟ ವಿದ್ಯೆಯೊಂದನ್ನು ಕಿವಿಯ ಮೂಲಕ ನಿಮಗೆ ತಿಳಿಸಹೊರಟಿರುವುದು ತುಸು ವಿಚಿತ್ರವೆನಿಸಬಹುದು. ಆದರೆ ವಿಡಿಯೊ ಚಿತ್ರ ತಯಾರಿಸುವುದನ್ನು ಕಲಿಯತೊಡಗಿದ ಮೇಲೆ ನನಗೆ ಮೊದಲು ಮನದಟ್ಟಾದ ಸಂಗತಿಯೆಂದರೆ, ಆ ಕೆಲಸದಲ್ಲಿ ಕ್ಯಾಮೆರಾದ ಪಾಲು ನಾವೆಣಿಸಿರುವುದಕ್ಕಿಂತ ಬಹಳ ಕಡಮೆ ಎಂಬುದು. ಇಂದು ಕ್ಯಾಮೆರಾ ಎಲ್ಲರ ಜೇಬಿನಲ್ಲಿಯೂ ಇದೆ. ಗುಂಡಿ ಒತ್ತಿದರೆ ದೃಶ್ಯ ಮೂಡುತ್ತದೆ. ಕಲಿಯಬೇಕಾದುದೆಲ್ಲ ಆ ಗುಂಡಿಯನ್ನು ಒತ್ತುವುದಕ್ಕೆ ಮುಂಚೆ ಮತ್ತು ಒತ್ತಿಯಾದ ಅನಂತರ.

ಹರಿಹರದಲ್ಲಿ ಬಹುಕಾಲ ಪಾಠ ಹೇಳಿಕೊಂಡಿದ್ದ ನಾನು ನಿವೃತ್ತನಾದ ಮೇಲೆ ಇದಕ್ಕೆ ಕೈಹಾಕಿದೆ. ಗುರುಗಳು ದಾವಣಗೆರೆಯವರು, ವಯಸ್ಸಿನಲ್ಲಿ ನನ್ನ ಮಗನಿಗಿಂತ ಚಿಕ್ಕವರು, ಮದುವೆ ವಿಡಿಯೊ ತೆಗೆದು ಪಳಗಿದ ಕೈ. ಮದುವೆ ವಿಡಿಯೊ ಎಂದರೆ ಮೂಗು ಮುರಿಯುವ ರಸಿಕರುಂಟು. ಆದರೆ ತಾಳಿ ಕಟ್ಟುವ ಗಳಿಗೆಯನ್ನು ಎರಡನೆಯ ಸಲ ಮಾಡಿಸಲಾಗುವುದಿಲ್ಲ. ಎಲ್ಲಿ ನಿಲ್ಲಬೇಕು, ಬೆಳಕು ಯಾವ ಕಡೆಯಿಂದ ಬೀಳುತ್ತದೆ, ಯಾವ ಸೋದರಮಾವ ಅಡ್ಡ ಬರುತ್ತಾನೆ ಎಂಬುದನ್ನೆಲ್ಲ ಮೊದಲೇ ಊಹಿಸಿರಬೇಕು. ಅಂಥ ಶಿಸ್ತು ಅವರದು. "ಕ್ಯಾಮೆರಾ ಆಮೇಲೆ ಮುಟ್ಟೋಣ ಮೇಷ್ಟ್ರೆ. ಏನು ಹೇಳ್ಬೇಕಂತೀರೋ ಅದನ್ನ ಒಂದೇ ವಾಕ್ಯದಾಗ ಬರ್ಕೊಂಡು ಬರ್ರಿ" ಎಂದರು. ಆ ಒಂದು ವಾಕ್ಯಕ್ಕೆ ನನಗೆ ಎಂಟು ದಿನ ಹಿಡಿಯಿತು.

ನಮ್ಮೂರಿನ ಹರಿಹರೇಶ್ವರ ದೇವಾಲಯವನ್ನು ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವನು 1224ರಲ್ಲಿ ಕಟ್ಟಿಸಿದನು. ಅದರ ಮಂಟಪದ ಕಂಬಗಳು ತಿರುಗಣಿಯ ಮೇಲೆ ಕಡೆದವು. ಏಳು ಶತಮಾನಗಳು ಕಳೆದು, 1941ರಲ್ಲಿ, ಅದೇ ಊರಿನಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಆರಂಭವಾಗಿ ಲೇತ್ ಯಂತ್ರಗಳನ್ನು ತಯಾರಿಸಿತು. ಲೇತ್ ಎಂದರೂ ತಿರುಗಣಿಯೇ ತಾನೆ! ಆ ಕಾರ್ಖಾನೆ ಮುಚ್ಚಿ ಈಗ ವರ್ಷಗಳಾದುವು. ಅಲ್ಲಿ ದುಡಿದ ಹಿರಿಯರೊಬ್ಬರು ಈ ಕಂಬಗಳ ನಡುವೆ ನಿಂತರೆ ಅವರಿಗೆ ಏನು ಕಾಣುತ್ತದೆ? ನನ್ನ ವಾಕ್ಯ ಇದಿಷ್ಟೆ.

ವಾಕ್ಯ ಸಿಕ್ಕಿದ ಮೇಲೂ ಕ್ಯಾಮೆರಾ ಕೈಗೆ ಬರಲಿಲ್ಲ. ಬರಿಗೈಯಲ್ಲಿ ಮೂರು ಸಲ ದೇವಾಲಯಕ್ಕೆ ಹೋಗಿ, ಬಿಸಿಲು ಎಷ್ಟು ಹೊತ್ತಿಗೆ ಯಾವ ಕಂಬವನ್ನು ಮುಟ್ಟುತ್ತದೆಂದು ಗುರುತು ಹಾಕಿಕೊಂಡೆವು. ಅನುಮತಿಗೆ ಅರ್ಜಿ ಬರೆದೆವು. ಬೇಕಾದ ಒಂದೊಂದು ದೃಶ್ಯಕ್ಕೂ ಕಾಗದದ ಮೇಲೆ ಒಂದೊಂದು ಚೌಕ ಗೀಚಿದೆವು. ಮಂಟಪದ ಒಳಗೆ ಕತ್ತಲೆ. ದೊಡ್ಡ ದೀಪಗಳನ್ನು ಹೊತ್ತೊಯ್ಯುವ ಶಕ್ತಿ ನಮಗಿರಲಿಲ್ಲ. ಆಗ ಗುರುಗಳು ಮೈಸೂರಿನವರಾದ ವಿ.ಕೆ. ಮೂರ್ತಿಯವರ ಕಥೆ ಹೇಳಿದರು. ಬೆಂಗಳೂರಿನ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತ ಮೂರ್ತಿಯವರು, 1959ರ 'ಕಾಗಜ್ ಕೆ ಫೂಲ್' ಚಿತ್ರದಲ್ಲಿ ಕನ್ನಡಿಗಳಿಂದ ಹೊರಗಿನ ಬಿಸಿಲನ್ನೇ ಸ್ಟುಡಿಯೋದೊಳಕ್ಕೆ ತಿರುಗಿಸಿ, ಕಂಬದಂಥ ಬೆಳಕಿನ ಕೋಲನ್ನು ನಿಲ್ಲಿಸಿದರಂತೆ. ನಮ್ಮಲ್ಲಿದ್ದುದು ಮನೆಯ ಕನ್ನಡಿ, ಒಂದು ಬಿಳಿ ಪಂಚೆ. ಕನ್ನಡಿಯ ಬಿಸಿಲನ್ನು ಪಂಚೆಯ ಮೇಲೆ ಬೀಳಿಸಿದೆವು. ಪಂಚೆಯಿಂದ ಹೊರಟ ಮೆತ್ತನೆಯ ಬೆಳಕಿನಲ್ಲಿ ಬಳಪದ ಕಲ್ಲಿನ ಉಂಗುರಗಳು ಒಂದೊಂದಾಗಿ ಎದ್ದು ಬಂದುವು.

ಸೆಕೆಂಡಿಗೆ 25 ಚಿತ್ರ, ಷಟರು ಸೆಕೆಂಡಿನ 50ನೆಯ ಒಂದು ಭಾಗ; ನಮ್ಮ ದೇಶದ ವಿದ್ಯುತ್ತು 50 ಆವರ್ತದ್ದಾದ್ದರಿಂದ ಟ್ಯೂಬ್‌ಲೈಟಿನ ಕೆಳಗೆ ಹೀಗಿಟ್ಟರೆ ಬೆಳಕು ಮಿಣುಕುವುದಿಲ್ಲ. ಇಂಥವನ್ನು ಒಂದು ಮಧ್ಯಾಹ್ನದಲ್ಲಿ ಕಲಿಯಬಹುದು. ಕಠಿಣವಾದುದು ಧ್ವನಿ. ಮಸುಕಾದ ಚಿತ್ರವನ್ನು ನೋಡುಗರು ಹೇಗೋ ಸಹಿಸಿಕೊಳ್ಳುತ್ತಾರೆ, ಕೇಳಿಸದ ಮಾತನ್ನು ಸಹಿಸುವುದಿಲ್ಲ. ಚಿತ್ರೀಕರಣ ಮುಗಿದ ಪ್ರತಿಯೊಂದು ಜಾಗದಲ್ಲಿಯೂ ನಾವು ಅರ್ಧ ನಿಮಿಷ ಉಸಿರು ಬಿಗಿಹಿಡಿದು, ಆ ಜಾಗದ ಮೌನವನ್ನೇ ಬೇರೆಯಾಗಿ ಧ್ವನಿಮುದ್ರಿಸಿಕೊಂಡೆವು. ಎರಡು ಮಾತುಗಳ ನಡುವೆ ಕತ್ತರಿಸಿದ ಗಾಯವನ್ನು ಅದು ಮುಚ್ಚುತ್ತದೆ. ಮಂಟಪದ ಮೌನ ಬೇರೆ, ತುಂಗಭದ್ರೆಯ ದಡದ ಮೌನ ಬೇರೆ ಎಂಬುದು ಬಾನುಲಿಯ ಕೇಳುಗರಾದ ನಿಮಗೆ ತಿಳಿಯದ ವಿಷಯವೇನಲ್ಲ.

ಹಿರಿಯರು ಬಂದರು. ಅಂಗಿಯ ಕೊರಳಪಟ್ಟಿಗೆ ಮೈಕು ಸಿಕ್ಕಿಸಿದೆವು. ನಾನು ಬರೆದಿಟ್ಟುಕೊಂಡಿದ್ದ ಪ್ರಶ್ನೆಗಳಿಗೆ ಅವರು ಕಾಯಲಿಲ್ಲ. ಕಂಬದ ಉಂಗುರವೊಂದರ ಮೇಲೆ ಹೆಬ್ಬೆರಳಾಡಿಸಿ, "ಇದನ್ನ ಮಾಡಿದಾತ ಅವಸರ ಮಾಡಿಲ್ಲ ನೋಡ್ರಿ. ಮಾಡಿದ್ರೆ ಇಲ್ಲಿ ಬೆರಳಿಗೆ ತಾಗ್ತಿತ್ತು" ಎಂದರು. ಆಮೇಲೆ ಬೆರಳನ್ನು ಅಲ್ಲಿಯೇ ಇಟ್ಟುಕೊಂಡು 14 ಸೆಕೆಂಡು ಸುಮ್ಮನೆ ನಿಂತರು.

ಒಟ್ಟು ಸಿಕ್ಕಿದ್ದು 3 ಗಂಟೆ 40 ನಿಮಿಷದ ಸಾಮಗ್ರಿ. ಟೇಪಿನ ಕಾಲದಲ್ಲಿ ನಡುವೆ ಒಂದು ದೃಶ್ಯವನ್ನು ಉದ್ದಮಾಡಿದರೆ ಮುಂದಿನದನ್ನೆಲ್ಲ ಹೊಸದಾಗಿ ಜೋಡಿಸಬೇಕಾಗಿತ್ತಂತೆ. ಈಗ ಕಂಪ್ಯೂಟರಿನಲ್ಲಿ ಎಷ್ಟು ಸಲ ಬೇಕಾದರೂ ಕಟ್ಟಿ ಬಿಚ್ಚಬಹುದು. ಈ ಸೌಲಭ್ಯದಿಂದಲೇ ನಿರ್ಧಾರ ಕಷ್ಟವಾಯಿತು. ರಷ್ಯದ ಕುಲೆಷೋವ್ ಎಂಬಾತ ಸುಮಾರು ನೂರು ವರ್ಷಗಳ ಹಿಂದೆ ಒಬ್ಬ ನಟನ ಒಂದೇ ಮುಖವನ್ನು ಸೂಪಿನ ಬಟ್ಟಲಿನ ಪಕ್ಕದಲ್ಲಿಯೂ ಶವಪೆಟ್ಟಿಗೆಯ ಪಕ್ಕದಲ್ಲಿಯೂ ಜೋಡಿಸಿ ತೋರಿಸಿದನು. ಜನರು ಒಂದರಲ್ಲಿ ಹಸಿವನ್ನೂ ಇನ್ನೊಂದರಲ್ಲಿ ದುಃಖವನ್ನೂ ಕಂಡರಂತೆ. ನಮ್ಮ ಹಿರಿಯರ ಮೌನದ ಪಕ್ಕದಲ್ಲಿ ಕಾರ್ಖಾನೆಯ ಮುಚ್ಚಿದ ಗೇಟನ್ನಿಟ್ಟರೆ ಅವರು ಸೋತ ಮನುಷ್ಯ, ಕಂಬವನ್ನಿಟ್ಟರೆ ಕಸಬುದಾರ. ಮುಖ ಅದೇ. ನಾವು ಕಂಬವನ್ನಿಟ್ಟೆವು.

ಗೇಟಿನ ದೃಶ್ಯಕ್ಕೆ ಲೇತಿನ ಸದ್ದನ್ನು ಹಾಕೋಣ, ಜನ ಅತ್ತುಬಿಡುತ್ತಾರೆ ಎಂದರು ಗುರುಗಳು. ನಾನು ಒಪ್ಪಲಿಲ್ಲ. ನಮ್ಮ ಬಳಿ ಇದ್ದುದು ಬೇರೊಂದು ಸಣ್ಣ ವರ್ಕ್‌ಶಾಪಿನ ಲೇತಿನ ಸದ್ದು. ಯಂತ್ರದ ದನಿಯನ್ನು ಬಲ್ಲ ಕಿವಿಗಳು ಈ ಊರಿನಲ್ಲಿ ಇನ್ನೂ ಬಹಳ ಇವೆ. ಎರಡು ದಿನ ಚರ್ಚೆಯಾಗಿ, ಆ ಸದ್ದು ಆ ವರ್ಕ್‌ಶಾಪಿನ ದೃಶ್ಯಕ್ಕೇ ಉಳಿಯಿತು. ಗೇಟಿಗೆ ರಸ್ತೆಯ ಲಾರಿಗಳ ಸದ್ದಷ್ಟೆ.

ಕಾರ್ಖಾನೆ ನಿಂತ ಮೇಲಿನ ತಮ್ಮ ಸಂಸಾರದ ಕಷ್ಟವನ್ನು ಹಿರಿಯರು ನಾಲ್ಕು ನಿಮಿಷ ಹೇಳಿದ್ದರು. ನಮ್ಮ ಸಾಮಗ್ರಿಯಲ್ಲಿ ಅದಕ್ಕಿಂತ ಬಲವಾದ ಭಾಗ ಇನ್ನೊಂದಿರಲಿಲ್ಲ. ಮರುದಿನ ಅವರೇ ಬಂದು, "ಅದು ಬ್ಯಾಡ್ರಿ ಮೇಷ್ಟ್ರೆ, ಅದು ಮನಿ ಮಾತು" ಎಂದರು. ತೆಗೆದುಹಾಕಿದೆವು. ಆ 14 ಸೆಕೆಂಡುಗಳನ್ನು ಮಾತ್ರ, ಐದಕ್ಕೆ ಇಳಿಸಿರೆಂದು ಯಾರು ಹೇಳಿದರೂ, ಕತ್ತರಿಸಲಿಲ್ಲ.

ಸಿದ್ಧವಾದ 11 ನಿಮಿಷದ ಚಿತ್ರವನ್ನು ಮೊದಲು ತೋರಿಸಿದ್ದು ಅವರ ಮನೆಯ ಟಿ.ವಿ.ಯಲ್ಲಿ. ಬೆರಳು ಕಂಬದ ಮೇಲೆ ನಿಂತಿತು. ಅವರ ಹೆಂಡತಿ, "ಯಾಕ್ರಿ, ಅಷ್ಟೊತ್ತು ಸುಮ್ನೆ ನಿಂತೀರಿ ಅಲ್ಲಿ?" ಎಂದು ಕೇಳಿದರು.

"ಅಳತೆ ನೋಡ್ತಿದ್ದೆ" ಎಂದರು ಅವರು, ಪರದೆಯಿಂದ ಕಣ್ಣು ತೆಗೆಯದೆ.