ಆರು ತಿಂಗಳು ದೇವರದು, ಆರು ತಿಂಗಳು ಮನುಷ್ಯರದು

ಕರಾವಳಿಯಿಂದ ಬಂದ ಕೇಳುಗರಿಗೆ ನೆಲ್ಲಿತೀರ್ಥದ ಹೆಸರು ಹೊಸದಲ್ಲ. ಮಂಗಳೂರಿನಿಂದ ಎಡಪದವಿನ ಕಡೆಗೆ ಸಾಗಿದರೆ ಸಿಗುವ ಈ ಊರಿನಲ್ಲಿ ಸೋಮನಾಥೇಶ್ವರ ದೇವಸ್ಥಾನವಿದೆ. ಅದರ ಪಕ್ಕದಲ್ಲೇ ಗುಹೆಯ ಬಾಯಿ. ಗುಹೆಯ ಉದ್ದ ಸುಮಾರು 200 ಮೀಟರ್. ಕಟೀಲಿನ ಕಥೆಯಲ್ಲಿ ಬರುವ ಜಾಬಾಲಿ ಮುನಿ ಇಲ್ಲಿ ತಪಸ್ಸು ಮಾಡಿದರೆಂಬುದು ಸ್ಥಳಪುರಾಣ. ಮೇಲಿನಿಂದ ನೆಲ್ಲಿಕಾಯಿ ಗಾತ್ರದ ಹನಿಗಳು ಬೀಳುವುದರಿಂದ ಊರಿಗೆ ಈ ಹೆಸರು ಬಂತೆನ್ನುತ್ತಾರೆ.

ಒಳಗೆ ಹೋಗುವುದೆಂದರೆ ಮೊದಲು ಮಂಡಿಯೂರುವುದು. ಮುಂದೆ ದೀಪ ಹಿಡಿದವರೊಬ್ಬರು, ಹಿಂದೆ ಸಾಲು. ಕೆಲವು ಹೆಜ್ಜೆಗಳಲ್ಲೇ ಹೊರಗಿನ ಬೆಳಕು ಮಾಯವಾಗುತ್ತದೆ. ಬೆನ್ನಿಗೆ ಕಲ್ಲು ತಾಗುತ್ತದೆ, ಅಂಗೈ ಕೆಸರಿನಲ್ಲಿ ಹೂತುಹೋಗುತ್ತದೆ, ಮೇಲಿನಿಂದ ತಣ್ಣನೆಯ ಹನಿ ಕುತ್ತಿಗೆಗೆ ಬೀಳುತ್ತದೆ. "ತಲೆ ತಗ್ಗಿಸಿ ಅಕ್ಕ, ಎಡಗೈ ಗೋಡೆಗೆ ಇಡಿ" ಎಂಬಂಥ ಮಾತು ಮುಂದಿನಿಂದ ಬಂದಾಗ, ಅದನ್ನು ಹಿಂದಿನವರಿಗೆ ದಾಟಿಸುತ್ತ ಸಾಲು ತೆವಳುತ್ತದೆ. ಎಲ್ಲಿ ಕುಳಿತುಕೊಳ್ಳಬಹುದು, ಎಲ್ಲಿ ಎದ್ದರೆ ತಲೆ ಬಡಿಯುತ್ತದೆ ಎಂಬುದು ದೀಪ ಹಿಡಿದವರ ಮೈಗೆ ಗೊತ್ತು. ಕೊನೆಗೆ ಗುಹೆ ಅಗಲವಾಗಿ, ಎದ್ದು ನಿಲ್ಲುವಷ್ಟು ಜಾಗ, ನೀರು, ಶಿವಲಿಂಗ. ಒಳಗಿನ ಮಣ್ಣನ್ನೇ ಪ್ರಸಾದವಾಗಿ ತರುವವರಿದ್ದಾರೆ.

ನೀರು ಎಲ್ಲಿಂದ ಬರುತ್ತದೆ? ಕರಾವಳಿಯ ಗುಡ್ಡಗಳ ತಲೆಯ ಮೇಲೆ ಮುರಕಲ್ಲಿನ ಗಟ್ಟಿ ಹೊದಿಕೆಯಿದೆ. 1800-01ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್, ಇಟ್ಟಿಗೆಯಂತೆ ಕಡಿದು ಬಳಸುವ ಈ ಕಲ್ಲಿಗೆ ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಮಾತಿನಿಂದಲೇ ಲ್ಯಾಟರೈಟ್ ಎಂದು ಹೆಸರಿಟ್ಟ. ಅದರ ಕೆಳಗಿರುವುದು ಮೆತ್ತನೆಯ ಶೇಡಿಮಣ್ಣು. ಮಳೆನೀರು ಮುರಕಲ್ಲಿನ ತೂತುಗಳಲ್ಲಿ ಇಳಿದು, ಕೆಳಗಿನ ಶೇಡಿಯನ್ನು ಸ್ವಲ್ಪಸ್ವಲ್ಪವೇ ಕೊಚ್ಚಿ ಒಯ್ಯುತ್ತದೆ. ಮೇಲಿನ ಹೊದಿಕೆ ಮಾಡಿನಂತೆ ನಿಂತು, ಅಡಿಯಲ್ಲಿ ಬಿಲ ಉಳಿಯುತ್ತದೆ. ಅಂಥ ಗುಡ್ಡದಲ್ಲಿ ಗುಹೆಯೆಂದರೆ ನೀರು ನಡೆದ ದಾರಿ. ಮಳೆಗಾಲದಲ್ಲಿ ನೀರು ಅದೇ ದಾರಿ ಹಿಡಿಯುತ್ತದೆ.

ನೆಲ್ಲಿತೀರ್ಥದ ಕಟ್ಟಳೆಯನ್ನು ಈ ಬೆಳಕಿನಲ್ಲಿ ನೋಡಬೇಕು. ಗುಹೆ ತೆರೆಯುವುದು ಅಕ್ಟೋಬರಿನ ತುಲಾ ಸಂಕ್ರಮಣಕ್ಕೆ, ಮುಚ್ಚುವುದು ಏಪ್ರಿಲಿನ ಮೇಷ ಸಂಕ್ರಮಣಕ್ಕೆ. ಉಳಿದ ಆರು ತಿಂಗಳು ಒಳಗೆ ದೇವತೆಗಳು, ಋಷಿಗಳು ಪೂಜೆ ಮಾಡುತ್ತಾರೆಂಬ ನಂಬಿಕೆ. ಮೂಢನಂಬಿಕೆಯೆಂದು ನಗುವವರು ಪಂಚಾಂಗದ ಪಕ್ಕದಲ್ಲಿ ಮಳೆಯ ಲೆಕ್ಕ ಇಟ್ಟು ನೋಡಲಿ: ಮುಂಗಾರು ಪೂರ್ತಿ ಆ ಮುಚ್ಚಿದ ಅವಧಿಯೊಳಗೇ ಬರುತ್ತದೆ. ಕಟ್ಟಳೆ ಮಾಡಿದವರ ಮನಸ್ಸಿನಲ್ಲಿ ನೀರೇ ಇತ್ತೆಂದು ಸಾಧಿಸುವುದು ಕಷ್ಟ. ಆದರೆ ದೇವರು ಒಳಗಿದ್ದಾನೆಂದರೆ ನಿಲ್ಲುವಷ್ಟು ಜನ, ಅಪಾಯವಿದೆಯೆಂದರೆ ನಿಲ್ಲುವುದಿಲ್ಲ.

ಥಾಯ್ಲೆಂಡಿನ ಥಾಮ್ ಲುವಾಂಗ್ ಗುಹೆಯ ಬಾಯಲ್ಲಿ ಬರೀ ಫಲಕವಿತ್ತು. ಜುಲೈಯಿಂದ ನವೆಂಬರ್‌ವರೆಗೆ ನೆರೆಯ ಭಯವಿದೆಯೆಂದು ಅದರಲ್ಲಿ ಬರೆದಿತ್ತು. 2018ರಲ್ಲಿ ಹನ್ನೆರಡು ಹುಡುಗರು ಮತ್ತು ಅವರ ಫುಟ್‌ಬಾಲ್ ತರಬೇತುದಾರ ಒಳಹೊಕ್ಕದ್ದು ಜೂನ್ 23ರಂದು, ಫಲಕದ ಲೆಕ್ಕಕ್ಕೆ ಇನ್ನೂ ಒಂದು ವಾರ ಮೊದಲು. ಮಳೆ ಬೇಗ ಬಂತು. ಕೊನೆಯವರು ಹೊರಬಂದದ್ದು ಜುಲೈ 10ರಂದು. ರಕ್ಷಣೆಗೆ ಇಳಿದಿದ್ದ ಮುಳುಗುಗಾರ ಸಮನ್ ಕುನನ್ ಅಷ್ಟರಲ್ಲಿ ತೀರಿಕೊಂಡಿದ್ದರು. ಹುಡುಗರು ಎಲ್ಲಿರಬಹುದೆಂದು ಊಹಿಸಲು ನೆರವಾದವರಲ್ಲಿ ಒಬ್ಬರು ಸಮೀಪದಲ್ಲೇ ನೆಲೆಸಿ ಆ ಗುಹೆಯನ್ನು ವರ್ಷಗಟ್ಟಲೆ ತಡಕಿದ್ದ ವರ್ನ್ ಅನ್ಸ್‌ವರ್ತ್.

ನೆಲ್ಲಿತೀರ್ಥಕ್ಕೆ ಹೋಗುವವರು ಅಕ್ಟೋಬರ್ ಮಧ್ಯದವರೆಗೆ ಕಾಯಲಿ, ದೀಪ ಹಿಡಿದವರ ಮುಂದೆ ಹೋಗುವ ಅವಸರ ಬೇಡ. ಉಟ್ಟ ಬಟ್ಟೆ ಹಳೆಯದಿರಲಿ. ಆ ಕೆಸರಿನ ಕಲೆ ಎರಡು ಒಗೆತಕ್ಕೂ ಬಿಡುವುದಿಲ್ಲ.