ಚೇಳು ಕಡಿದಾಗ ಕಾಯುತ್ತಾ ಕೂರಬೇಡಿ

(ನನ್ನಿವಾಳದಲ್ಲಿ ಮಹಿಳಾ ಸ್ವಸಹಾಯ ಸಂಘಗಳ ಸಭೆಯಲ್ಲಿ ಮಾಡಿದ ಭಾಷಣ)



ಉಳಿತಾಯ, ಸಾಲದ ಲೆಕ್ಕ ಮುಗಿಯಿತು. ಈಗ ಸ್ವಲ್ಪ ಹೊತ್ತು ಚೇಳಿನ ವಿಷಯ ಮಾತಾಡೋಣ. ನಗಬೇಡಿ. ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಈ ಕಲ್ಲು ನೆಲದಲ್ಲಿ ಚೇಳು ಕಾಣದ ಮನೆ ಯಾವುದಿದೆ? ಶೇಂಗಾ ಬಳ್ಳಿ ಒಟ್ಟುವಾಗ, ಸೌದೆ ಎಳೆಯುವಾಗ, ಕುಳ್ಳು ತೆಗೆಯುವಾಗ ಕೈ ಹಾಕುವವರು ನಾವೇ. ನೆಲದ ಮೇಲೆ ಮಲಗುವವರು ನಮ್ಮ ಮಕ್ಕಳು.

ದೊಡ್ಡ ಕಪ್ಪು ಚೇಳು ಕಂಡರೆ ನಾವು ಕಿರುಚಿಕೊಳ್ತೀವಿ. ಸಣ್ಣ ಕೆಂಪು ಚೇಳನ್ನು ಚಪ್ಪಲಿಯಲ್ಲಿ ಹೊಡೆದು ಸುಮ್ಮನಾಗ್ತೀವಿ. ಆದರೆ ಹೆಚ್ಚು ಹೆದರಬೇಕಾದ್ದು ಕೆಂಪು ಚೇಳಿಗೇ. ಕಪ್ಪು ಚೇಳಿನ ಇಕ್ಕಳ ದಪ್ಪ; ಅದು ಕಡಿದರೆ ಉರಿ ಇರುತ್ತದೆ, ಜೀವಕ್ಕೆ ಅಪಾಯ ಕಡಿಮೆ. ಕೆಂಪು ಚೇಳಿನ ಇಕ್ಕಳ ತೆಳ್ಳಗೆ, ಬಾಲ ದಪ್ಪ. ನಮ್ಮ ದೇಶದಲ್ಲಿ ಜೀವ ತೆಗೆಯುವ ಚೇಳು ಮುಖ್ಯವಾಗಿ ಇದೇ. ಚಿಕ್ಕ ಮಕ್ಕಳಿಗೆ ಅಪಾಯ ಇನ್ನೂ ಹೆಚ್ಚು.

ಮಂತ್ರ ಹಾಕಿಸಿದರೆ ಇಳಿಯುತ್ತೆ ಅಂತ ಹಿರಿಯರು ಹೇಳ್ತಾರೆ. ಇಳಿದದ್ದು ಸುಳ್ಳಲ್ಲ. ಹೆಚ್ಚಿನವರಿಗೆ ಒಂದು ದಿನದೊಳಗೆ ನೋವು ತಾನಾಗಿಯೇ ಇಳಿಯುತ್ತದೆ. ಹುಣಸೆ ಬೀಜ ತೇದು ಅಂಟಿಸಿದರೂ ಇಳಿಯುತ್ತದೆ, ಏನೂ ಮಾಡದಿದ್ದರೂ ಇಳಿಯುತ್ತದೆ. ಆದರೆ ಕೆಲವರಿಗೆ ವಿಷ ಮೈಗೆಲ್ಲ ಏರುತ್ತದೆ. ರಕ್ತನಾಳ ಬಿಗಿದು, ಹೃದಯ ಸೋತು, ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಅಂಥವರಿಗೆ ಮಂತ್ರಕ್ಕೆ ಕಾದ ಎರಡು ಗಂಟೆಯೇ ಮುಳುವಾಗುತ್ತದೆ.

ಈ ಗುರುತುಗಳನ್ನು ನೆನಪಿಡಿ:

1. ಮೈಯೆಲ್ಲ ವಿಪರೀತ ಬೆವರುವುದು. ಹೆದರಿಕೆಗೆ ಬೆವರು ಅಂತ ತಿಳಿಯಬೇಡಿ.
2. ಮೇಲಿಂದ ಮೇಲೆ ವಾಂತಿ, ಬಾಯಲ್ಲಿ ಜೊಲ್ಲು.
3. ಕೈಕಾಲು ತಣ್ಣಗಾಗುವುದು, ಎದೆ ಡವಗುಟ್ಟುವುದು.
4. ಗಂಡು ಮಕ್ಕಳಲ್ಲಿ ಜನನಾಂಗ ಸೆಟೆದುಕೊಳ್ಳುವುದು. ನಾಚಿಕೆ ಬೇಡ, ಡಾಕ್ಟರಿಗೆ ಹೇಳಿ.
5. ಕೆಮ್ಮು, ಏದುಸಿರು, ಬಾಯಲ್ಲಿ ನೊರೆ. ಇದು ಅತಿ ಗಂಭೀರ.

ಕಡಿದ ಜಾಗದಲ್ಲಿ ನೋವಿಲ್ಲ ಅಂತ ಸಮಾಧಾನಪಡಬೇಡಿ. ನೋವು ಕಡಿಮೆ ಇದ್ದೂ ವಿಷ ಏರಿರಬಹುದು.

ಇದಕ್ಕೆ ಔಷಧ ಇದೆ. ಮಹಾರಾಷ್ಟ್ರದ ಮಹಾಡ್ ಕಡೆಯ ಹಳ್ಳಿಗಳಲ್ಲಿ ಡಾ. ಹಿಮ್ಮತರಾವ್ ಬಾವಸ್ಕರ್ ಅವರು ಚೇಳು ಕಡಿದ ಬಡವರ ಪಕ್ಕದಲ್ಲೇ ರಾತ್ರಿಯಿಡೀ ಕೂತು ಗಮನಿಸಿದರು. ಪ್ರಾಜೋಸಿನ್ ಎಂಬ ರಕ್ತದೊತ್ತಡದ ಕಡಿಮೆ ಬೆಲೆಯ ಮಾತ್ರೆ ಜೀವ ಉಳಿಸುತ್ತದೆ ಅಂತ 1980ರ ದಶಕದಲ್ಲಿ ತೋರಿಸಿಕೊಟ್ಟರು. ಮೊದಲು ವಿಷ ತೀವ್ರವಾಗಿ ಏರಿದ ನೂರು ಜನರಲ್ಲಿ ಮೂವತ್ತು ನಲವತ್ತು ಮಂದಿ ಸಾಯುತ್ತಿದ್ದರು. ಈ ಮಾತ್ರೆ ಬಂದ ಮೇಲೆ ಅದು ಒಂದರ ಸುಮಾರಿಗೆ ಇಳಿಯಿತು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಚೇಳಿನ ವಿಷಕ್ಕೆ ಇಂಜೆಕ್ಷನ್ನೂ ಇದೆ. ಆದರೆ ಮಾತ್ರೆ ತಂದು ಮನೆಯಲ್ಲಿ ನೀವೇ ಕೊಡಬೇಡಿ, ರಕ್ತದೊತ್ತಡ ಕುಸಿಯಬಹುದು. ಡಾಕ್ಟರು ನೋಡಿಯೇ ಕೊಡಬೇಕು.

ಕಡಿದ ಕೂಡಲೇ ಸೋಪು ನೀರಲ್ಲಿ ತೊಳೆಯಿರಿ. ಬ್ಲೇಡಿನಲ್ಲಿ ಕೊಯ್ಯಬೇಡಿ, ಬಾಯಲ್ಲಿ ಹೀರಬೇಡಿ, ಬಿಗಿಯಾಗಿ ಕಟ್ಟಬೇಡಿ. ತಣ್ಣೀರು ಬಟ್ಟೆ ಇಡಿ. ಕಡಿಸಿಕೊಂಡವರನ್ನು ನಡೆಸಬೇಡಿ. ಮಗುವಾದರೆ ಗುರುತಿಗೂ ಕಾಯದೆ ಆಸ್ಪತ್ರೆಗೆ ಹೊರಡಿ. 108ಕ್ಕೆ ಫೋನ್ ಮಾಡಿ.

ಮನೆಯಲ್ಲಿ ಮಾಡಬೇಕಾದ್ದು ಸುಲಭ. ಸೌದೆ, ಕಲ್ಲಿನ ರಾಶಿ ಗೋಡೆಗೆ ತಾಗದಿರಲಿ. ಗೋಡೆಯ ಬಿರುಕಿಗೆ ಮಣ್ಣು ಮೆತ್ತಿ. ಹಾಸಿಗೆ, ಬಟ್ಟೆ, ಚಪ್ಪಲಿ ಕೊಡವಿ. ಕತ್ತಲಲ್ಲಿ ಹೊರಗೆ ಹೋಗುವಾಗ ಬ್ಯಾಟರಿ ಹಿಡಿಯಿರಿ.

ಕೊನೆಗೆ ಒಂದು ಮಾತು. ನಡುರಾತ್ರಿ ಮಗುವಿಗೆ ಕಡಿದಾಗ ನಾವು ತಡ ಮಾಡುವುದು ಮಂತ್ರ ನಂಬಿ ಮಾತ್ರ ಅಲ್ಲ. ಕೈಯಲ್ಲಿ ದುಡ್ಡಿಲ್ಲ, ಮನೆಯವರು ಊರಲ್ಲಿಲ್ಲ, ಯಾರನ್ನು ಕೇಳೋದು ಅಂತ. ಇವತ್ತೇ ಒಂದು ನಿರ್ಣಯ ಬರೆಯೋಣ: ಗಾಡಿ ಬಾಡಿಗೆಗೆ ಸಂಘದ ಹಣದಲ್ಲಿ ಸ್ವಲ್ಪ ತೆಗೆದಿಡೋಣ, ಅದು ಪ್ರತಿನಿಧಿಯ ಮನೆಯಲ್ಲಿರಲಿ. ಸಭೆ ಕರೆಯದೆ, ಸಹಿ ಕೇಳದೆ ಆ ರಾತ್ರಿಯೇ ಕೊಡಲಿ. ಲೆಕ್ಕ ಮುಂದಿನ ವಾರ ಬರೆದರಾಯಿತು.